ಚಿಕ್ಕಂದಿನಲ್ಲಿ ನಿಮ್ಮನ್ನು ಉಳಿಸಿದ ಉಪಾಯಗಳು: ದೌರ್ಜನ್ಯ ಕಂಡು ಬೆಳೆದವರಿಗೊಂದು ಮಾರ್ಗದರ್ಶಿ

ಅಪ್ಪ ಬೈಕಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಇವತ್ತು ರಾತ್ರಿ ಮನೆಯಲ್ಲಿ ಏನಾಗಲಿದೆ ಎಂದು ತಿಳಿದುಕೊಳ್ಳುವ ಮಕ್ಕಳಿದ್ದಾರೆ. ಸದ್ದು ಜೋರಾಗಿದ್ದರೆ ಟಿವಿ ಆರಿಸಿ, ತಂಗಿಯನ್ನು ಒಳಕೋಣೆಗೆ ಕಳಿಸಿ, ಪುಸ್ತಕ ತೆರೆದು ಕೂರುತ್ತಾರೆ. ಯಾರೂ ಹೇಳಿಕೊಡದೆ ಏಳೆಂಟು ವರ್ಷಕ್ಕೇ ಕಲಿತ ವಿದ್ಯೆ ಅದು. ಅಂಥ ಹುಡುಗನಿಗೆ ಮೂವತ್ತೈದಾದಾಗಲೂ ಆಫೀಸಿನಲ್ಲಿ ಮ್ಯಾನೇಜರ್ ಬಾಗಿಲನ್ನು ಸ್ವಲ್ಪ ಜೋರಾಗಿ ಎಳೆದುಕೊಂಡರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಮಾಡದ ತಪ್ಪಿಗೆ ಸಾರಿ ಕೇಳುತ್ತಾನೆ. ರಾತ್ರಿ ಎರಡಾದರೂ ನಿದ್ದೆ ಹತ್ತುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಗ್ಯಾಸ್ಟ್ರಿಕ್ ಮಾತ್ರೆ ಸಿಗುತ್ತದೆ.

ಚಿಕ್ಕಂದಿನಲ್ಲಿ ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ ಇವುಗಳಲ್ಲಿ ಯಾವುದನ್ನಾದರೂ ಕಂಡು ಬೆಳೆದು, ಈಗ ಹೊರಗಿನಿಂದ ಎಲ್ಲ ಸರಿಯಿದ್ದರೂ ಒಳಗೆ ನೆಮ್ಮದಿಯಿಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವ ಉದಾಹರಣೆಗಳು ಯಾವುದೇ ಒಬ್ಬರ ಕತೆಯಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ನೀವು ಇವತ್ತು ನಿಮ್ಮ ದೋಷವೆಂದು ಬೈದುಕೊಳ್ಳುವ ಅನೇಕ ಗುಣಗಳು ಆಗ ನಿಮ್ಮನ್ನು ಉಳಿಸಿದ ಉಪಾಯಗಳು. ಅವನ್ನು ದ್ವೇಷಿಸಿ ಕಿತ್ತುಹಾಕಲು ಹೋದರೆ ಬಿಗಿಯಾಗುತ್ತವೆ. ಅವು ಆಗ ಯಾವ ಕೆಲಸ ಮಾಡಿದವು ಎಂದು ಗೊತ್ತುಮಾಡಿಕೊಂಡರೆ ನಿಧಾನಕ್ಕೆ ಸಡಿಲವಾಗುತ್ತವೆ.

ಈ ಮಾತಿಗೆ ಒಂದು ಹಿನ್ನೆಲೆಯಿದೆ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ವೈದ್ಯ ವಿನ್ಸೆಂಟ್ ಫೆಲಿಟಿ ಬೊಜ್ಜು ಕರಗಿಸುವ ಕ್ಲಿನಿಕ್ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟುಹೋಗುತ್ತಿದ್ದರು. ಏಕೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಬಹಳ ಮಂದಿ ಬಾಲ್ಯದ ಲೈಂಗಿಕ ದೌರ್ಜನ್ಯದ ಸಂಗತಿ ಹೇಳಿದರು. ಅವರಲ್ಲಿ ಹಲವರಿಗೆ ತಿನ್ನುವುದು ನೋವು ಮರೆಯುವ ದಾರಿಯಾಗಿತ್ತು, ದಪ್ಪ ಮೈ ಇನ್ನೊಬ್ಬರ ಕಣ್ಣು ಬೀಳದಂತೆ ಕಾಯುತ್ತಿತ್ತು. ವೈದ್ಯರು ರೋಗವೆಂದು ಕಂಡದ್ದು ರೋಗಿಯ ಪಾಲಿಗೆ ಪರಿಹಾರ. ಇಲ್ಲಿಂದ ಹೊರಟ ಫೆಲಿಟಿ ಮತ್ತು ಸಂಶೋಧಕ ರಾಬರ್ಟ್ ಆಂಡಾ 1995ರಿಂದ 1997ರ ನಡುವೆ 17,000ಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಕಹಿ ಅನುಭವಗಳ ಬಗ್ಗೆ ಕೇಳಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನ ಒಂದಾದರೂ ಬಗೆಯದನ್ನು ಅನುಭವಿಸಿದ್ದರು. ನಾಲ್ಕು ಅಥವಾ ಹೆಚ್ಚು ಬಗೆಯವನ್ನು ಕಂಡವರಲ್ಲಿ ಖಿನ್ನತೆ, ಕುಡಿತ, ಮಾದಕ ವಸ್ತು, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ ಒಂದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ಈ ಅಂಕಿ ಓದಿ ಹೆದರಬೇಡಿ. ಇವು ದೊಡ್ಡ ಗುಂಪಿನ ಲೆಕ್ಕ. ಇಂಥ ಅನುಭವಗಳನ್ನು ಎಣಿಸಲೆಂದು ಅಂತರ್ಜಾಲದಲ್ಲಿ ಸಿಗುವ ಹತ್ತು ಪ್ರಶ್ನೆಗಳ ಪಟ್ಟಿ ತುಂಬಿಸಿ ಬಂದ ಸಂಖ್ಯೆಯಿಂದ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಕೂಡದು ಎಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಸಂಶೋಧಕಿಯರಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಜಗಳ, ಕುಡಿತ, ಪೋಷಕರ ಮಾನಸಿಕ ಕಾಯಿಲೆ ಎಲ್ಲ ಕೂಡಿದ ಮನೆಗಳಿಂದ ಬಂದವರಲ್ಲೂ ಸುಮಾರು ಮೂರರಲ್ಲೊಂದು ಪಾಲು ಗಟ್ಟಿ ಮನುಷ್ಯರಾಗಿ ಬೆಳೆದರು. ಅವರಲ್ಲಿ ಹೆಚ್ಚಿನವರಿಗೆ ಅಜ್ಜಿಯೋ ಮೇಷ್ಟ್ರೋ ನೆರೆಯವರೋ, ಒಬ್ಬರಾದರೂ ನಂಬುವಂಥ ದೊಡ್ಡವರಿದ್ದರು. ನನಗೆ ಇದಕ್ಕಿಂತಲೂ ದೊಡ್ಡದೆನಿಸುವುದು, ಹದಿಹರೆಯದಲ್ಲಿ ದಾರಿ ತಪ್ಪಿದ್ದ ಅನೇಕರು ಮೂವತ್ತು ನಲವತ್ತರ ಹೊತ್ತಿಗೆ ನೆಲೆ ಕಂಡುಕೊಂಡದ್ದು.

ನಮ್ಮ ದೇಶದ ಮಾತನ್ನೂ ಹೇಳಬೇಕು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆರೆಯ ಆಂಧ್ರ, ಕೇರಳ, ಮಹಾರಾಷ್ಟ್ರ, ಗೋವಾ ಸೇರಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡಿದ್ದರು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಹೇಳಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು. "ನಮ್ಮೊಬ್ಬರ ಮನೆಯಲ್ಲೇ ಹೀಗೆ" ಎಂದು ನೀವು ಇಷ್ಟು ವರ್ಷ ಅಂದುಕೊಂಡಿದ್ದರೆ, ಅದು ನಿಜವಲ್ಲ.

ಹೆಜ್ಜೆ 1: ಮೊದಲು ಇವತ್ತಿನ ಸುರಕ್ಷತೆ

ಹಳೆಯದನ್ನು ಕೆದಕುವ ಮುಂಚೆ ಈಗಿನದನ್ನು ನೋಡಿ. ಹೊಡೆಯುವವರು ಅಥವಾ ಮುಟ್ಟುವವರು ಈಗಲೂ ನಿಮ್ಮ ಸುತ್ತ ಇದ್ದರೆ, ಅವರಿಂದ ದೂರವಾಗುವುದೇ ಮೊದಲ ಕೆಲಸ. ಮನಸ್ಸಿನ ಕೆಲಸ ಆಮೇಲಿನದು. ತಕ್ಷಣದ ಅಪಾಯಕ್ಕೆ 112, ಮಹಿಳೆಯರಿಗೆ 181 ಇದೆ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಹೆಜ್ಜೆಗಳಿಗೆ ಮೂರು ನಿಯಮ. ಒಮ್ಮೆಗೆ ಅರ್ಧ ಗಂಟೆಗಿಂತ ಹೆಚ್ಚು ಬೇಡ, ಮಲಗುವ ಮುಂಚೆ ಬೇಡ, ಮುಗಿದ ಮೇಲೆ ಕೈಗೆ ಒಂದು ಕೆಲಸ ಇರಲಿ. ಪಾತ್ರೆ ತೊಳೆಯುವುದಾಗಲಿ, ಗಿಡಕ್ಕೆ ನೀರು ಹಾಕುವುದಾಗಲಿ, ಸಂಜೆಯ ಸೊಪ್ಪು ಬಿಡಿಸುವುದಾಗಲಿ.

ಹೆಜ್ಜೆ 2: ಆಗ ನೀವು ಏನು ಮಾಡುತ್ತಿದ್ದಿರಿ?

ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಯಾರ ಕೈಗೂ ಸಿಗದ ಕಡೆ ಇಡಿ. ನಿಮಗೆ ಏನೇನಾಯಿತು ಎಂದು ಬರೆಯುವುದು ಬೇಡ, ಅದಕ್ಕೆ ಜೊತೆಗೊಬ್ಬರು ಬೇಕು. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ, ಅದನ್ನಷ್ಟೇ ಬರೆಯಿರಿ. ಎಲ್ಲಿ ಹೋಗಿ ಕೂರುತ್ತಿದ್ದಿರಿ? ಕಣ್ಣು ಎಲ್ಲಿರುತ್ತಿತ್ತು? ಬಾಯಲ್ಲಿ ಯಾವ ಮಾತು ಬರುತ್ತಿತ್ತು, ಯಾವುದು ಬರುತ್ತಿರಲಿಲ್ಲ? ಈ ಹೆಜ್ಜೆಗೆ ಒಂದೆರಡು ವಾರವಾದರೂ ಹಿಡಿಯಲಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ನೆನಪಿಗೆ ಸಹಾಯವಾಗಲೆಂದು ಸಾಮಾನ್ಯವಾಗಿ ಕಾಣುವ ಕೆಲವು ಉಪಾಯಗಳನ್ನು ಕೊಡುತ್ತೇನೆ.

ಕಾವಲು ಕಾಯುವುದು ಒಂದು. ಮುಖ, ದನಿ, ಹೆಜ್ಜೆಯ ಸದ್ದು, ಬಾಟಲಿಯ ವಾಸನೆ, ಎಲ್ಲದರ ಮೇಲೂ ಕಣ್ಣು ಕಿವಿ ಇಟ್ಟಿರುವುದು. ಹಾಗೆ ಬೆಳೆದವರು ದೊಡ್ಡವರಾದ ಮೇಲೆ ಇತರರ ಮನಸ್ಸನ್ನು ಚೆನ್ನಾಗಿ ಅರಿಯುತ್ತಾರೆ. ಆದರೆ ವಾಟ್ಸಾಪಿನಲ್ಲಿ ಬರೀ "ಸರಿ" ಎಂದು ಉತ್ತರ ಬಂದರೂ ಅದರಲ್ಲಿ ಸಿಟ್ಟು ಹುಡುಕುತ್ತಾರೆ.

ಎರಡನೆಯದು, ಮೈಯನ್ನು ಅಲ್ಲೇ ಬಿಟ್ಟು ಹೋಗುವುದು. ಸೂರಿನ ಹೆಂಚು ಎಣಿಸುತ್ತ, ಫ್ಯಾನಿನ ರೆಕ್ಕೆ ನೋಡುತ್ತ, ಇದು ಬೇರೆ ಯಾರಿಗೋ ಆಗುತ್ತಿದೆ ಎಂಬಂತೆ ದೂರ ನಿಲ್ಲುವುದು. ಓಡಲಾಗದ, ಎದುರಿಸಲಾಗದ ಮಗುವಿಗೆ ಮಿದುಳು ಕೊಡುವ ಕೊನೆಯ ಆಸರೆ ಇದು. ಮುಂದೆ ಇದು ಮಾತಿನ ನಡುವೆ ಕಳೆದುಹೋಗುವುದಾಗಿ, ಗಂಡ ಹೆಂಡತಿಯ ಸಾಮೀಪ್ಯದಲ್ಲಿ ಮರಗಟ್ಟುವುದಾಗಿ, ಬಾಲ್ಯದ ಇಡೀ ವರ್ಷಗಳೇ ನೆನಪಿಲ್ಲದಿರುವುದಾಗಿ ಉಳಿಯಬಹುದು.

ಮೂರನೆಯದು ಜಾಣ ಮಗುವಾಗುವುದು. ನಮ್ಮ ಮನೆಗಳಲ್ಲಿ ಇದಕ್ಕೆ ಶಹಬ್ಬಾಸ್‌ಗಿರಿ ಬೇರೆ ಸಿಗುತ್ತದೆ, ಹಾಗಾಗಿ ಯಾರೂ ಗಾಯವೆಂದು ಗುರುತಿಸುವುದಿಲ್ಲ. ಎಲ್ಲದಕ್ಕೂ ಹೂಂ ಅನ್ನುವುದು, ಕೇಳುವ ಮುಂಚೆಯೇ ನೀರು ತಂದುಕೊಡುವುದು, ತನಗೆ ಏನೂ ಬೇಡ ಎನ್ನುವುದು. ಇದರದೇ ಇನ್ನೊಂದು ರೂಪ ಓದು. ಹಾಸ್ಟೆಲ್ ಸೀಟು ಸಿಕ್ಕರೆ ಈ ಮನೆಯಿಂದ ಪಾರಾಗಬಹುದೆಂದು ನವೋದಯಕ್ಕೋ ಮೊರಾರ್ಜಿ ಶಾಲೆಗೋ ಪರೀಕ್ಷೆ ಬರೆದ ಮಕ್ಕಳು ಎಷ್ಟೋ. ಅವರಲ್ಲಿ ಅನೇಕರು ಇಂದು ದೊಡ್ಡ ಕೆಲಸದಲ್ಲಿದ್ದಾರೆ, ಆದರೆ ಒಂದು ದಿನ ರಜೆ ಹಾಕಿದರೂ ಎದೆ ಡವಗುಟ್ಟುತ್ತದೆ.

ಮನೆಯ ಹಿರಿಯ ಮಗಳು ಅಮ್ಮನಾಗಿಬಿಡುವುದು ನಾಲ್ಕನೆಯದು. ತಮ್ಮನಿಗೆ ಬೀಳುವ ಏಟಿಗೆ ಅಡ್ಡ ನಿಲ್ಲುವುದು, ಅಮ್ಮನ ಕಣ್ಣೀರು ಒರೆಸುವುದು, ಹತ್ತು ವರ್ಷಕ್ಕೇ ಮನೆಯ ಪಂಚಾಯಿತಿ ಬಗೆಹರಿಸುವುದು. ಇಂಥವರಿಗೆ ಮುಂದೆ ಇನ್ನೊಬ್ಬರಿಂದ ಸಹಾಯ ಪಡೆಯುವುದೇ ಅತಿ ಕಷ್ಟ.

ಇನ್ನು ಕೋಪ. ಹುಡುಗರಲ್ಲಿ ಇದು ಹೆಚ್ಚು ಕಾಣುತ್ತದೆ, ಏಕೆಂದರೆ ಅಳು ಅವರಿಗೆ ನಿಷಿದ್ಧ. ಮೊದಲು ಹೊಡೆದವನಿಗೆ ಏಟು ಕಡಿಮೆ ಬೀಳುತ್ತದೆ ಎಂಬ ಪಾಠ ಅದು. ಸುಳ್ಳು ಹೇಳುವುದು, ಅಡಗಿಸಿಡುವುದು, ಕದ್ದು ತಿನ್ನುವುದು, ಮೈ ಕುಯ್ದುಕೊಳ್ಳುವುದು ಇವೂ ಉಪಾಯಗಳೇ. ನಾಚಿಕೆಯಿಲ್ಲದೆ ಬರೆಯಿರಿ.

ಪಟ್ಟಿಯಲ್ಲಿ ಒಳ್ಳೆಯವೂ ಇರುತ್ತವೆ, ಅವನ್ನು ಮರೆಯಬೇಡಿ. ರಜೆ ಬರುವುದನ್ನೇ ಕಾದು ಅಜ್ಜಿ ಮನೆಗೆ ಓಡುತ್ತಿದ್ದದ್ದು, ಊರಿನ ಗ್ರಂಥಾಲಯದಲ್ಲಿ ಬಾಗಿಲು ಹಾಕುವವರೆಗೆ ಕೂರುತ್ತಿದ್ದದ್ದು, ಕಬಡ್ಡಿ, ಯಕ್ಷಗಾನದ ರಾತ್ರಿಗಳು, ಪಕ್ಕದ ಮನೆಯ ಆಂಟಿ ಏನೂ ಕೇಳದೆ ಹಾಕಿಕೊಡುತ್ತಿದ್ದ ಊಟ. ಇವುಗಳ ಮುಂದೆ ಒಂದು ಗುರುತು ಹಾಕಿ. ಆರನೆಯ ಹೆಜ್ಜೆಯಲ್ಲಿ ಬೇಕಾಗುತ್ತವೆ.

ಹೆಜ್ಜೆ 3: ಅದೇ ಉಪಾಯ ಇವತ್ತು ಎಲ್ಲಿದೆ?

ಕಷ್ಟವನ್ನು ನಿಭಾಯಿಸುವ ಬಗೆಗಳನ್ನು ಅಧ್ಯಯನ ಮಾಡಿದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಎರಡು ದಾರಿಗಳನ್ನು ವಿವರಿಸಿದರು. ಒಂದು, ಸಮಸ್ಯೆಯನ್ನೇ ಹಿಡಿದು ಬದಲಿಸುವುದು. ಇನ್ನೊಂದು, ಬದಲಿಸಲಾಗದಾಗ ಅದರಿಂದ ಏಳುವ ನೋವನ್ನು ತಗ್ಗಿಸಿಕೊಳ್ಳುವುದು. ಯಾವುದು ಸರಿ ಎಂಬುದು ಪರಿಸ್ಥಿತಿ ನಿಮ್ಮ ಕೈಯಲ್ಲಿದೆಯೇ ಎಂಬುದರ ಮೇಲೆ ನಿಂತಿದೆ. ಎಂಟು ವರ್ಷದ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಮನೆ ಬಿಡುವಂತಿಲ್ಲ, ಹೊಡೆಯುವವರೇ ಅನ್ನ ಹಾಕುವವರು. ಆಗ ಸುಮ್ಮನಿರುವುದು, ಮರೆಯುವುದು, ಮರಗಟ್ಟುವುದು ಬುದ್ಧಿವಂತಿಕೆಯೇ ಆಗಿತ್ತು. ಇವತ್ತು ನಿಮ್ಮ ಕೈಯಲ್ಲಿ ಸಂಬಳವಿದೆ, ಫೋನಿದೆ, ಬಾಗಿಲು ತೆರೆದು ಹೊರಡುವ ಶಕ್ತಿಯಿದೆ. ಆದರೆ ಉಪಾಯಕ್ಕೆ ಆ ಸುದ್ದಿ ತಲುಪಿಲ್ಲ. ತಪ್ಪಿಸಿಕೊಳ್ಳುವ ದಾರಿಯೊಂದನ್ನೇ ಹಿಡಿದು ದೊಡ್ಡವರಾದವರಲ್ಲಿ ಖಿನ್ನತೆ, ಆತಂಕ ಹೆಚ್ಚು ಕಾಣುವುದು ಇದರಿಂದಲೇ ಎಂದು ನಾನು ತಿಳಿದಿದ್ದೇನೆ.

ಒಂದು ವಾರ ಗಮನಿಸಿ. ಹಳೆಯ ಉಪಾಯ ತಲೆ ಎತ್ತಿದಾಗಲೆಲ್ಲ ಎರಡು ಸಾಲು ಬರೆಯಿರಿ: ಏನಾಯಿತು, ನಾನೇನು ಮಾಡಿದೆ. ಉದಾಹರಣೆಗೆ, "ಅತ್ತೆ ಸಾರಿಗೆ ಉಪ್ಪು ಜಾಸ್ತಿ ಅಂದರು. ನಾನು ಮೂರು ಸಲ ಸಾರಿ ಕೇಳಿದೆ, ಊಟ ಬಿಟ್ಟೆ." ಆಮೇಲೆ ಪಕ್ಕದಲ್ಲಿ, ಇದು ನನಗೆ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ಬರೆಯಿರಿ. ಕೊಟ್ಟದ್ದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಜಗಳ ತಪ್ಪಿತು ಎಂದಾದರೆ ಅದೂ ಲಾಭವೇ.

ಹೆಜ್ಜೆ 4: ತಪ್ಪು ಯಾರದು

ಒಂದು ಉಪಾಯವನ್ನು ಬೇಕೆಂದೇ ಇಲ್ಲಿಗೆ ಉಳಿಸಿದ್ದೇನೆ. "ತಪ್ಪು ನನ್ನದೇ" ಎಂದುಕೊಳ್ಳುವುದು. ಇದು ಎಲ್ಲಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಅಪ್ಪ ಅಮ್ಮ ಕ್ರೂರಿಗಳು ಎಂದು ಒಪ್ಪಿಕೊಂಡರೆ ಮಗುವಿಗೆ ಜಗತ್ತಿನಲ್ಲಿ ನಿಲ್ಲಲು ನೆಲವೇ ಇರುವುದಿಲ್ಲ. ನಾನು ಕೆಟ್ಟವಳು ಎಂದುಕೊಂಡರೆ ಒಂದು ಆಸೆಯಾದರೂ ಉಳಿಯುತ್ತದೆ: ನಾನು ಸರಿಹೋದರೆ ಏಟು ನಿಲ್ಲುತ್ತದೆ. ಆ ಆಸೆಗಾಗಿ ಮಗು ಕೊಡುವ ಬೆಲೆ ಬಹಳ ದೊಡ್ಡದು. ನಲವತ್ತು ದಾಟಿದರೂ "ನನ್ನಲ್ಲೇ ಏನೋ ಕೊಳಕಿದೆ" ಎಂಬ ಭಾವ ಹೋಗುವುದಿಲ್ಲ.

ಪದೇ ಪದೇ ಕಾಡುವ ಕೆಲವು ಪ್ರಶ್ನೆಗಳಿಗೆ ನೇರ ಉತ್ತರ ಕೊಡುತ್ತೇನೆ. ಯಾಕೆ ಕಿರುಚಲಿಲ್ಲ? ತೀವ್ರ ಭಯದಲ್ಲಿ ಸ್ನಾಯುಗಳು ತಾವಾಗಿಯೇ ಸ್ತಬ್ಧವಾಗುತ್ತವೆ, ದನಿ ಹೊರಡುವುದಿಲ್ಲ. ಅದು ದೊಡ್ಡವರಿಗೂ ಆಗುತ್ತದೆ, ಅದು ಒಪ್ಪಿಗೆಯಲ್ಲ. ಮೈಗೆ ಹಿತವೆನಿಸಿತಲ್ಲ? ಚರ್ಮ ಸ್ಪರ್ಶಕ್ಕೆ ಸ್ಪಂದಿಸುತ್ತದೆ, ಅದಕ್ಕೂ ಇಚ್ಛೆಗೂ ಸಂಬಂಧವಿಲ್ಲ. ಅವರು ಕೊಟ್ಟ ಚಾಕಲೇಟು, ದುಡ್ಡು ತೆಗೆದುಕೊಂಡೆನಲ್ಲ? ಮಗುವಿನ ಮನಸ್ಸನ್ನು ಹಾಗೆ ಕಟ್ಟಿಹಾಕುವುದು ಅಪರಾಧಿಯ ಯೋಜನೆಯ ಭಾಗ. ಯಾಕೆ ಮತ್ತೆ ಆ ಮನೆಗೆ ಹೋದೆ? ಕಳಿಸಿದವರು ದೊಡ್ಡವರು.

ಓದಿ ಒಪ್ಪಿಕೊಂಡರೂ ಎದೆಗೆ ಇಳಿಯದಿದ್ದರೆ ಹೀಗೆ ಮಾಡಿ. ನಿಮಗೆ ಅದಾದಾಗ ಎಷ್ಟು ವಯಸ್ಸೋ ಆ ವಯಸ್ಸಿನ ಮಗುವನ್ನು ನೋಡಿ. ಬೆಳಗ್ಗೆ ಸ್ಕೂಲ್ ವ್ಯಾನ್ ನಿಲ್ಲುವ ಕಡೆ, ಮದುವೆ ಮನೆಯಲ್ಲಿ, ಅಕ್ಕನ ಮನೆಯಲ್ಲಿ. ಕೈ ಎಷ್ಟು ಚಿಕ್ಕದು, ಬ್ಯಾಗಿನ ಭಾರಕ್ಕೆ ಹೇಗೆ ವಾಲುತ್ತದೆ ಗಮನಿಸಿ. ಇಷ್ಟು ಮಗುವಿನ ಮೇಲೆ ಆ ಹೊಣೆ ಹೊರಿಸುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹೆಜ್ಜೆ 5: ಮೈಗೆ ಸುದ್ದಿ ತಲುಪಿಸುವುದು

ಅಪಾಯ ಮುಗಿದಿದೆ ಎಂದು ತಲೆಗೆ ಗೊತ್ತಿದ್ದರೂ ಮೈಗೆ ಗೊತ್ತಿರುವುದಿಲ್ಲ. ಹಳೆಯ ನೆನಪು ನುಗ್ಗಿದಾಗ ವಾದ ಮಾಡಿ ಗೆಲ್ಲಲಾಗದು. ಅಂಗಾಲನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ. ಕಣ್ಣೆದುರಿನ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ. ಇಂದಿನ ತಾರೀಖು, ನಿಮ್ಮ ಈಗಿನ ವಯಸ್ಸು, ಈಗ ಇರುವ ಊರು ಹೇಳಿ. ಮುಖಕ್ಕೆ ತಣ್ಣೀರು ಹಾಕಿ. ಉಸಿರು ಒಳಗೆಳೆಯುವುದಕ್ಕಿಂತ ಹೊರಬಿಡುವುದು ಉದ್ದವಾಗಿರಲಿ. ಇವನ್ನು ಸಮಾಧಾನದಲ್ಲಿರುವಾಗಲೇ ದಿನಾ ಅಭ್ಯಾಸ ಮಾಡಿ, ಆಗ ಕಷ್ಟದ ಹೊತ್ತಿಗೆ ಕೈಗೆ ಬರುತ್ತವೆ.

ಒಂದು ಎಚ್ಚರಿಕೆ. "ಧ್ಯಾನ ಮಾಡು, ಎಲ್ಲ ಸರಿಹೋಗುತ್ತೆ" ಎಂದು ಸಲಹೆ ಕೊಡುವವರು ಬಹಳ. ದೌರ್ಜನ್ಯ ಕಂಡವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಹಳೆಯದೇ ಮೇಲೆದ್ದು ಬರುತ್ತದೆ. ಹಾಗಾದರೆ ಬಲವಂತ ಬೇಡ. ಕಣ್ಣು ತೆರೆದೇ ಇರಿ, ನಡೆಯಿರಿ, ಈಜಿ, ಹಾಡಿ. ದಿನಗಟ್ಟಲೆ ಮೌನದ ಶಿಬಿರಕ್ಕೆ ಹೋಗುವ ಮುಂಚೆ ಚಿಕಿತ್ಸಕರನ್ನು ಕೇಳಿ.

ಹೆಜ್ಜೆ 6: ಒಂದೇ ಉಪಾಯ, ಚಿಕ್ಕ ಜಾಗ

ಈಗ ಪಟ್ಟಿಯಿಂದ ಒಂದನ್ನು ಮಾತ್ರ ಆರಿಸಿ, ಎಲ್ಲಕ್ಕಿಂತ ಕಡಿಮೆ ಅಪಾಯವಿರುವ ಜಾಗದಲ್ಲಿ ಸಡಿಲಿಸಿ ನೋಡಿ. ಎಲ್ಲದಕ್ಕೂ ಹೂಂ ಅನ್ನುವವರು ಮೊದಲ ಸಲ ಅಪ್ಪನ ಎದುರು ಇಲ್ಲ ಅನ್ನಲು ಹೋಗಬೇಡಿ. ತರಕಾರಿ ಅಂಗಡಿಯಲ್ಲಿ "ಕೊತ್ತಂಬರಿ ಬೇಡ" ಎನ್ನುವುದರಿಂದ ಶುರುವಾಗಲಿ, ಆಮೇಲೆ ಗೆಳತಿಗೆ "ಈ ಭಾನುವಾರ ಬರಲಾಗಲ್ಲ". ಕಾರಣ ಕೊಡದೆ ಹೇಳಿ ನೋಡಿ. ಕಾವಲು ಕಾಯುವವರು, "ಅವರು ಸಿಟ್ಟಾಗಿದ್ದಾರೆ" ಎನಿಸಿದಾಗ ಊಹಿಸುವ ಬದಲು ಒಮ್ಮೆ ಕೇಳಿ: "ಬೇಜಾರಾಗಿದೆಯಾ, ಅಥವಾ ಸುಸ್ತಾಗಿದ್ದೀರಾ?" ಹೆಚ್ಚಿನ ಸಲ ಉತ್ತರ ಸುಸ್ತು ಎಂದೇ ಬರುತ್ತದೆ. ಹತ್ತು ಸಲ ಹಾಗೆ ಬಂದಾಗ ಮೈ ನಂಬಲು ಶುರುಮಾಡುತ್ತದೆ. ಸಹಾಯ ಕೇಳಲಾಗದವರು, ನೆಗಡಿ ಬಂದ ದಿನ ಮನೆಯವರಿಗೆ "ಇವತ್ತು ಅಡುಗೆ ನೀವು ಮಾಡಿ" ಎನ್ನಿ.

ಎದೆ ಬಡಿದುಕೊಳ್ಳುತ್ತದೆ, ತಪ್ಪು ಮಾಡಿದೆ ಎನಿಸುತ್ತದೆ. ಅದು ಹಳೆಯ ಎಚ್ಚರಿಕೆ ಗಂಟೆ. ಆ ದಿನ, ಪಟ್ಟಿಯಲ್ಲಿ ಗುರುತು ಹಾಕಿದ ಒಳ್ಳೆಯ ಉಪಾಯಗಳಲ್ಲಿ ಒಂದನ್ನು ಮಾಡಿ. ಗ್ರಂಥಾಲಯವೋ ಕಬಡ್ಡಿಯೋ ಅಜ್ಜಿಯ ಊರೋ, ಏನಿದ್ದರೂ ಅದಕ್ಕೆ ಮತ್ತೆ ಜಾಗ ಕೊಡಿ. ಹಳೆಯದು ತಿರುಗಿ ಬಂದರೆ ಸೋತೆವೆಂದು ತಿಳಿಯಬೇಡಿ. ನಿದ್ದೆಗೆಟ್ಟ ವಾರ, ಮನೆಯಲ್ಲಿ ಸಾವು, ಹೆರಿಗೆ, ನಿಮ್ಮ ಮಗು ನಿಮ್ಮ ಆ ವಯಸ್ಸಿಗೆ ಬಂದಾಗ ಇಂಥ ಸಮಯದಲ್ಲಿ ಅದು ಬಂದೇ ಬರುತ್ತದೆ.

ಹೆಜ್ಜೆ 7: ಒಬ್ಬರಿಗೆ ಹೇಳುವುದು

ಹೇಳಿಕೊಳ್ಳುವುದರಿಂದ ಒಳ್ಳೆಯದಾಗುತ್ತದೆಯೇ ಎಂಬುದು ಕೇಳುವವರ ಮೊದಲ ಪ್ರತಿಕ್ರಿಯೆಯ ಮೇಲೆ ಬಹಳಷ್ಟು ನಿಂತಿದೆ. ಆದ್ದರಿಂದ ಆರಿಸಿ ಹೇಳಿ. ಮೊದಲು ಒಂದು ಸಣ್ಣ ಗುಟ್ಟು ಹೇಳಿ ನೋಡಿ. ಅದು ಅಲ್ಲೇ ಉಳಿಯಿತೇ? ಸಲಹೆ ಸುರಿದರೇ, ಕೇಳಿಸಿಕೊಂಡರೇ? ಆಮೇಲೆ ಎಲ್ಲ ವಿವರ ಬೇಕಿಲ್ಲ. "ಚಿಕ್ಕಂದಿನಲ್ಲಿ ನನಗೆ ಕೆಟ್ಟದ್ದಾಗಿತ್ತು. ಏನೂ ಮಾಡಬೇಡಿ, ಪಕ್ಕದಲ್ಲಿ ಕೂತು ಕೇಳಿ" ಇಷ್ಟು ಸಾಕು. "ಆಗಿದ್ದು ಆಯ್ತು ಬಿಡು" ಎಂಬ ಉತ್ತರ ಬಂದರೆ ನೋವಾಗುತ್ತದೆ, ಆದರೆ ಅದು ಅವರ ಮಿತಿ. ಇನ್ನೊಬ್ಬರನ್ನು ಹುಡುಕಿ. ಗಂಡಸರಿಗೆ ಒಂದು ಮಾತು: ನಿಮ್ಮ ಮೇಲೆ ಆದದ್ದು ನಿಮ್ಮ ಗಂಡಸುತನದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೆಜ್ಜೆ 8: ಚಿಕಿತ್ಸೆ, ಎಲ್ಲಿ ಮತ್ತು ಹೇಗೆ

ದುಃಸ್ವಪ್ನ, ನೆನಪುಗಳ ದಾಳಿ, ಕುಡಿತ, ಮೈಗೆ ಗಾಯ ಮಾಡಿಕೊಳ್ಳುವುದು, ಕೆಲಸ ಸಂಸಾರ ನಡೆಸಲಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಮೇಲಿನ ಹೆಜ್ಜೆಗಳನ್ನು ಒಬ್ಬರೇ ಮಾಡಬೇಡಿ. ದೀರ್ಘಕಾಲದ ದೌರ್ಜನ್ಯದಿಂದ ಬರುವ ಸಂಕೀರ್ಣ ಪಿಟಿಎಸ್‌ಡಿಯನ್ನು (ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಉಳಿದು ಕಾಡುವ ಮಾನಸಿಕ ಕಾಯಿಲೆ) ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಾದ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಭಾವನೆ ಹಿಡಿತಕ್ಕೆ ಬಾರದಿರುವುದು, ತನ್ನ ಬಗ್ಗೆ ತೀರಾ ಕೀಳು ಭಾವ, ಸಂಬಂಧ ಉಳಿಸಿಕೊಳ್ಳುವ ಕಷ್ಟ ಇದರ ಲಕ್ಷಣಗಳಲ್ಲಿವೆ. ಪಿಟಿಎಸ್‌ಡಿಗೆ ಆಘಾತವನ್ನೇ ಗುರಿಯಾಗಿಸಿ ಯೋಚನೆ, ನಡವಳಿಕೆ ತಿದ್ದುವ ಸಿಬಿಟಿ ಮತ್ತು ಕಣ್ಣಿನ ಚಲನೆಯ ನೆರವಿನಿಂದ ನೆನಪಿನ ಕಾವು ತಗ್ಗಿಸುವ ಇಎಂಡಿಆರ್ ಎಂಬ ಎರಡು ಮಾತಿನ ಚಿಕಿತ್ಸೆಗಳನ್ನು ಅದೇ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ನಿದ್ದೆ, ಖಿನ್ನತೆಗೆ ಮಾತ್ರೆಯೂ ಬೇಕಾಗಬಹುದು, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತು. ದೊಡ್ಡಾಸ್ಪತ್ರೆಗೆ ಹೋಗಲು ಹಿಂಜರಿಕೆಯಿದ್ದರೆ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಸಾಮಾನ್ಯವಾಗಿ ಮಂಗಳವಾರ ಕ್ಲಿನಿಕ್ ನಡೆಯುತ್ತದೆ. ದಿನ ಯಾವುದೆಂದು ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ. ಖಾಸಗಿಯಾಗಿ ಹೋಗುವುದಾದರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಕೇಳಿ. ಮೊದಲ ದಿನವೇ ಮೂರು ಪ್ರಶ್ನೆ ಕೇಳಿ: ಬಾಲ್ಯದ ದೌರ್ಜನ್ಯ ಕಂಡವರೊಂದಿಗೆ ಕೆಲಸ ಮಾಡಿದ್ದೀರಾ? ನಾನು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ, ಯಾವ ಸಂದರ್ಭದಲ್ಲಿ ಉಳಿಯುವುದಿಲ್ಲ? ನನಗೆ ಬೇಡವೆನಿಸಿದಾಗ ನಿಲ್ಲಿಸಬಹುದೇ? 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ನಿಮಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಬಗೆದು ತೆಗೆಯಲು ನೋಡುವವರ ಬಳಿ, ನಿಮ್ಮ ಗಾಯದ ಮಾತಿಗೆ ಪ್ರವಚನ ಕೊಡುವವರ ಬಳಿ ಮತ್ತೆ ಹೋಗಬೇಡಿ.

ಹೆಜ್ಜೆ 9: ಮನೆಯವರು, ಕ್ಷಮೆ, ಕಾನೂನು

ಹಬ್ಬಕ್ಕೆ ಊರಿಗೆ ಹೋಗಲೇಬೇಕು, ಅವರೂ ಅಲ್ಲಿರುತ್ತಾರೆ. ಹೋಗುವುದಾದರೆ ಯೋಜನೆ ಮಾಡಿಕೊಂಡು ಹೋಗಿ. ಎಷ್ಟು ಗಂಟೆ ಇರುತ್ತೀರಿ, ಯಾವ ಕೋಣೆಯಲ್ಲಿ ಮಲಗುತ್ತೀರಿ, ಯಾವ ಬಸ್ಸಿಗೆ ಹೊರಡುತ್ತೀರಿ, ನಡುವೆ ಯಾರಿಗೆ ಫೋನ್ ಮಾಡುತ್ತೀರಿ, ಇವೆಲ್ಲ ಮೊದಲೇ ನಿರ್ಧಾರವಾಗಿರಲಿ. ಕಾಲಿಗೆ ಬೀಳು ಎಂದರೆ ಬೀಳದೆ ಅಡುಗೆಮನೆ ಕಡೆ ನಡೆಯುವ ಹಕ್ಕು ನಿಮಗಿದೆ. ಹೋಗದಿರುವುದೂ ಸರಿಯೇ.

ಕ್ಷಮಿಸಲೇಬೇಕು, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ಷಮಿಸದೆಯೂ ನೆಮ್ಮದಿ ಕಂಡವರಿದ್ದಾರೆ. ಅಪ್ಪನ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ ಇರಬಹುದು, ಅವನ ಮುಪ್ಪಿನಲ್ಲಿ ಔಷಧಿ ತಂದುಕೊಟ್ಟು ಆದದ್ದನ್ನು ಮರೆಯದೆಯೂ ಇರಬಹುದು. ಎದುರು ನಿಂತು ಕೇಳಬೇಕೆಂದಿದ್ದರೆ, ಅವರು ಒಪ್ಪಿಕೊಳ್ಳುತ್ತಾರೆಂಬ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಅವರು ನಿರಾಕರಿಸಿದರೂ ನೀವು ಕುಸಿಯದಷ್ಟು ಗಟ್ಟಿಯಾದ ಮೇಲೆ, ಜೊತೆಗೊಬ್ಬರನ್ನು ಇಟ್ಟುಕೊಂಡು ಕೇಳಿ.

ದೂರು ಕೊಡುವುದು ನಿಮ್ಮ ಆಯ್ಕೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದಕ್ಕೂ ಹಿಂದಿನ ಘಟನೆಗಳಿಗೆ ಆಗಿನ ಭಾರತೀಯ ದಂಡ ಸಂಹಿತೆ ಅನ್ವಯಿಸುತ್ತದೆ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಿಗೆ ಕಾಲಮಿತಿಯಿಲ್ಲ, ಹಾಗಾಗಿ ದೊಡ್ಡವರಾದ ಮೇಲೂ ದೂರು ಕೊಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, ಸಹಾಯವಾಣಿ 15100. ಠಾಣೆಗೆ ಹೋಗುವ ಮುಂಚೆ ಒಮ್ಮೆ ಅಲ್ಲಿ ಮಾತಾಡಿ.

ಹೆಜ್ಜೆ 10: ನಿಮ್ಮ ಮನೆಯ ಮಗು

"ಏಟು ತಿಂದೇ ನಾವು ಬೆಳೆದದ್ದು" ಎಂಬ ಮಾತು ನಿಮ್ಮ ಬಾಯಿಂದಲೂ ಬಂದೀತು. ಕೈ ಎತ್ತಿದ ಕ್ಷಣದಲ್ಲಿ ಕೋಣೆಯಿಂದ ಹೊರಗೆ ನಡೆಯಿರಿ. ಹೊಡೆದೇಬಿಟ್ಟಿದ್ದರೆ ಅದೇ ಸಂಜೆ ಮಗುವಿನ ಪಕ್ಕ ಕೂತು, "ನಾನು ಮಾಡಿದ್ದು ತಪ್ಪು, ನಿನ್ನ ತಪ್ಪಲ್ಲ" ಎಂದು ಹೇಳಿ. ನಿಮಗೆ ಯಾರೂ ಹೇಳದೆ ಉಳಿದ ಮಾತು ಅದೇ ತಾನೇ.

ಯಾವ ಮಗುವಾದರೂ ನಿಮ್ಮ ಬಳಿ ಬಂದು ಯಾರೋ ಮುಟ್ಟಿದರು ಎಂದರೆ, ಮುಖ ಗಾಬರಿಯಾಗದಂತೆ ನೋಡಿಕೊಳ್ಳಿ. "ಯಾಕೆ ಆಗಲೇ ಹೇಳಲಿಲ್ಲ" ಎಂದು ಕೇಳಬೇಡಿ. "ನಿನ್ನ ಮಾತು ನಂಬುತ್ತೇನೆ, ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬೇಡಿ, ಏಕೆಂದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಆ ವ್ಯಕ್ತಿಯೊಂದಿಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಎಲ್ಲಿಂದ ಶುರುಮಾಡಬೇಕು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ರಾತ್ರಿಯಾದರೂ ಸರಿ.